ಬಸಳೆ ಮೊದಲೋ, ಬಳ್ಳಿ ಮೊದಲೋ?

ನಮ್ಮ ಮಕ್ಕಳ ಪದಸಂಗ್ರಹದ ಬಗ್ಗೆ ಇಲ್ಲಿ ಹಿಂದೆಯೂ ಬರೆದಿದ್ದೇವೆ. ಹೊಸದಾಗಿ ಓದುವವರಿಗಾಗಿ ಎರಡು ಮಾತು. ಎಣ್ಮಕಜೆ, ಬದಿಯಡ್ಕ, ಪೈವಳಿಕೆ, ದೇಲಂಪಾಡಿ ಕಡೆಯಿಂದ ಬರುವ ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದ ಪದಗಳನ್ನು ಪುಸ್ತಕದಲ್ಲಿ ಬರೆದು ತರುತ್ತಾರೆ. ಗುಡ್ಡೆಯ ಬದಿಯಲ್ಲಿ ಅಡ್ಡಕ್ಕೆ ಕೊರೆದು ನೀರು ತೆಗೆಯುವ ಸುರಂಗ, ಬೈಲಿಗೂ ಬೆಟ್ಟಿಗೂ ನಡುವಿನ ಗದ್ದೆಯಾದ ಮಜಲು, ಗುಡ್ಡೆಯ ನೆತ್ತಿಯ ಸಪಾಟು ಜಾಗವಾದ ಪದವು, ಮನೆ ಕಟ್ಟುವ ಮುರಕಲ್ಲು... ಹೀಗೆ. ಒಂದೊಂದು ಪದದ ಜೊತೆ ಅದರ ಅರ್ಥ ಮತ್ತು ಯಾವ ಊರಿನಲ್ಲಿ ಕೇಳಿದ್ದು ಎಂಬುದು. ಹೋದ ವರ್ಷಕ್ಕೆ 4,200 ಪದಗಳಾದವು.

ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಅಕಾರಾದಿಗೆ ಪ್ರೋಗ್ರಾಮ್ ಯಾಕೆ, ಕಂಪ್ಯೂಟರಿಗೆ ಅಷ್ಟೂ ಗೊತ್ತಿಲ್ಲವೇ ಎಂದು ಕೇಳಬೇಡಿ. ಯುನಿಕೋಡಿನ ಸಂಖ್ಯೆಗಳ ಕ್ರಮದಲ್ಲಿ ನಮ್ಮ ಳಕಾರ ಕೂತಿರುವುದು ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲು. ವರ್ಣಮಾಲೆಯಲ್ಲಿ ಅದು ಹಕಾರವೂ ಮುಗಿದ ಮೇಲೆ ಬರುವ ಅಕ್ಷರ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಬಳ್ಳಿ ಮೊದಲು, ಬಸಳೆ ಆಮೇಲೆ. ನಿಘಂಟು ತೆರೆದು ನೋಡಿದರೆ ಬಸಳೆಯೇ ಮೊದಲು. ಭಾಷೆಗೆ ತಕ್ಕ ಹಾಗೆ ಜೋಡಿಸುವ ಸೌಲಭ್ಯ ಬ್ರೌಸರಿನಲ್ಲೂ ಇದೆ ನಿಜ. ಆದರೆ ನಮ್ಮ ಹುಡುಗನ ಪ್ರೋಗ್ರಾಮಿನಲ್ಲಿ ಒಂದೇ ಪದದ ಊರೂರಿನ ರೂಪಗಳನ್ನು ಒಟ್ಟಿಗೆ ಇಡುವ, ಅರ್ಥದೊಳಗೂ ಹುಡುಕುವ ನಿಯಮಗಳಿವೆ. ಮಕ್ಕಳು ತಕರಾರು ಮಾಡಿ ಮಾಡಿ ತಿದ್ದಿಸಿದ ನಿಯಮಗಳವು.

ತೊಂದರೆ ಒಂದೇ. ಅದು ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಓಡುತ್ತಿತ್ತು. ಮಕ್ಕಳಿಗೆ ಬೇಕಾದದ್ದು ಮನೆಯಲ್ಲಿ, ಅಪ್ಪನ ಮೊಬೈಲಿನಲ್ಲಿ, ಅಜ್ಜಿಯ ಎದುರಿಗೆ. ಅಂದರೆ ಬ್ರೌಸರಿನಲ್ಲಿ. ನಿಯಮಗಳನ್ನೆಲ್ಲ ಜಾವಾಸ್ಕ್ರಿಪ್ಟಿನಲ್ಲಿ ಇನ್ನೊಮ್ಮೆ ಬರೆಯಬಹುದಿತ್ತು. ಆಗ ಎರಡು ಕಡೆ ಎರಡು ನಿಯಮ ಆಗುತ್ತದೆ. ಒಂದನ್ನು ತಿದ್ದಿದಾಗ ಇನ್ನೊಂದು ಹಾಗೇ ಉಳಿಯುತ್ತದೆ. ಇದ್ದ ಸಿ ಪ್ರೋಗ್ರಾಮನ್ನೇ ಬ್ರೌಸರಿನೊಳಗೆ ಓಡಿಸುವುದು ಅಂತ ನಾವು ತೀರ್ಮಾನಿಸಿದೆವು. ಇವತ್ತಿನ ಬರಹ ಅದರ ಬಗ್ಗೆ. ಅದರಲ್ಲೂ, ನಮ್ಮ ಪದಗಳು ಬ್ರೌಸರಿನ ಸ್ಕ್ರಿಪ್ಟಿನಿಂದ ಆ ಪ್ರೋಗ್ರಾಮಿಗೆ ಹೋಗುವುದು ಹೇಗೆ ಎಂಬುದರ ಬಗ್ಗೆ.

ಮೊದಲು ಸ್ವಲ್ಪ ಹಿನ್ನೆಲೆ. ಬ್ರೌಸರಿಗೆ ಬಹಳ ಕಾಲ ಗೊತ್ತಿದ್ದ ಭಾಷೆ ಒಂದೇ, 1995ರಲ್ಲಿ ಬಂದ ಜಾವಾಸ್ಕ್ರಿಪ್ಟ್. ಸಿ ಭಾಷೆಯ ಪ್ರೋಗ್ರಾಮನ್ನು ಜಾವಾಸ್ಕ್ರಿಪ್ಟಿನ ಒಂದು ಬಿಗಿಯಾದ ರೂಪಕ್ಕೆ ಇಳಿಸಿ ವೇಗವಾಗಿ ಓಡಿಸುವ ದಾರಿಯನ್ನು 2013ರಲ್ಲಿ ಮೊಜಿಲ್ಲಾದವರು ತೋರಿಸಿದರು. ಅದರ ಹೆಸರು ಆಸ್ಮ್.ಜೆಎಸ್. ಅಲ್ಲಿಂದ ಮುಂದಿನ ಹೆಜ್ಜೆ ವೆಬ್‌ಅಸೆಂಬ್ಲಿ. 2015ರಲ್ಲಿ ಘೋಷಣೆಯಾಗಿ, 2017ರಲ್ಲಿ ದೊಡ್ಡ ನಾಲ್ಕು ಬ್ರೌಸರುಗಳಿಗೂ ಬಂತು. 2019ರ ಡಿಸೆಂಬರ್ 5ರಂದು ಅದು ಡಬ್ಲ್ಯು3ಸಿಯ ಅಧಿಕೃತ ಶಿಫಾರಸು ಆಯಿತು. ಸಿ ಪ್ರೋಗ್ರಾಮನ್ನು ಎಮ್‌ಸ್ಕ್ರಿಪ್ಟನ್ ಎಂಬ ಉಪಕರಣದ ಕೈಗೆ ಕೊಟ್ಟರೆ ವೆಬ್‌ಅಸೆಂಬ್ಲಿಯ ಒಂದು ಮಾಡ್ಯೂಲ್ ಕೈಗೆ ಬರುತ್ತದೆ. ನಮ್ಮ ಕೆಲಸದಲ್ಲಿ ಇಷ್ಟು ಭಾಗ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಕುತೂಹಲ ಶುರುವಾದದ್ದು ಆಮೇಲೆ. ಜಾವಾಸ್ಕ್ರಿಪ್ಟ್ ಒಂದು ಕಡೆ, ಮಾಡ್ಯೂಲ್ ಇನ್ನೊಂದು ಕಡೆ. ಮೂಲ ವೆಬ್‌ಅಸೆಂಬ್ಲಿಯಲ್ಲಿ ಇವುಗಳ ನಡುವೆ ದಾಟುವುದು ಅಂಕಿಗಳು ಮಾತ್ರ. ಮಾಡ್ಯೂಲಿನೊಳಗೆ ಅಂಕಿಗಳು 32 ಬಿಟ್ಟಿನ ಮತ್ತು 64 ಬಿಟ್ಟಿನ ಪೂರ್ಣಾಂಕ, 32 ಮತ್ತು 64 ಬಿಟ್ಟಿನ ದಶಮಾಂಶ ಸಂಖ್ಯೆ, ಒಟ್ಟು ನಾಲ್ಕು ಬಗೆ. ಪದ ದಾಟುವುದಿಲ್ಲ. ಪಟ್ಟಿ ದಾಟುವುದಿಲ್ಲ. ಪದ, ಅರ್ಥ, ಊರು ಎಂದು ಜೋಡಿಸಿಟ್ಟ ನಮ್ಮ ದಾಖಲೆಯಂತೂ ಖಂಡಿತ ದಾಟುವುದಿಲ್ಲ.

"ಹಾಗಾದ್ರೆ ಪದ ಹೋಗುದು ಹೇಗೆ ಟೀಚರ್?" ಅಂತ ಎಂಟನೆಯ ತರಗತಿಯ ಹುಡುಗಿ ಕೇಳಿದಳು.

ಇದನ್ನು ಹಲಗೆಯ ಮೇಲೆ ಬರೆದು ವಿವರಿಸುವುದಕ್ಕಿಂತ ಆಟ ಆಡಿಸುವುದು ಒಳ್ಳೆಯದು ಅನಿಸಿತು. ಇಬ್ಬರು ಮಕ್ಕಳನ್ನು ಮೇಜಿನ ಆಚೆ ಈಚೆ ಕೂರಿಸಿದೆವು. ಒಬ್ಬಳು ಜಾವಾಸ್ಕ್ರಿಪ್ಟ್, ಇನ್ನೊಬ್ಬ ಸಿ. ಇಬ್ಬರೂ ಮಾತಾಡುವಂತಿಲ್ಲ. ಚೀಟಿಯಲ್ಲಿ ಅಂಕಿ ಬರೆದು ಕೊಡಬಹುದು, ಅಷ್ಟೇ. ಮೇಜಿನ ನಡುವೆ ಚೌಕ ಗೆರೆಯ ಲೆಕ್ಕದ ಪುಸ್ತಕ ಒಂದನ್ನು ಬಿಡಿಸಿ ಇಟ್ಟೆವು. ಒಂದೊಂದು ಚೌಕಕ್ಕೂ ಸೊನ್ನೆಯಿಂದ ಶುರುವಾಗಿ ಒಂದು ನಂಬರ್. ಒಂದು ಚೌಕದಲ್ಲಿ 0ಯಿಂದ 255ರ ವರೆಗಿನ ಒಂದು ಸಂಖ್ಯೆ ಬರೆಯಬಹುದು. ಆ ಪುಸ್ತಕವನ್ನು ಇಬ್ಬರೂ ನೋಡಬಹುದು, ಇಬ್ಬರೂ ಬರೆಯಬಹುದು.

ವೆಬ್‌ಅಸೆಂಬ್ಲಿಯ ಮೆಮೊರಿ ಅಂದರೆ ಈ ಪುಸ್ತಕವೇ. ಚೌಕ ಅಂದರೆ ಬೈಟ್. ಅಲ್ಲಿಯೂ ಪುಟ ಎಂಬ ಲೆಕ್ಕ ಇದೆ, ಒಂದು ಪುಟಕ್ಕೆ 65,536 ಚೌಕ. ಜಾವಾಸ್ಕ್ರಿಪ್ಟ್ ತನ್ನ ಪದವನ್ನು ಸಂಖ್ಯೆಗಳಾಗಿ ಮಾಡಿ ಪುಸ್ತಕದಲ್ಲಿ ಬರೆಯುತ್ತದೆ. ಆಮೇಲೆ ಎರಡು ಅಂಕಿಗಳನ್ನು ಮಾತ್ರ ಚೀಟಿಯಲ್ಲಿ ಕೊಡುತ್ತದೆ. ಎಷ್ಟನೆಯ ಚೌಕದಿಂದ ಶುರು, ಎಷ್ಟು ಚೌಕ. ಸಿ ಅಲ್ಲಿಗೆ ಹೋಗಿ ಓದಿಕೊಳ್ಳುತ್ತದೆ.

"ಇಷ್ಟೇಯಾ!" ಅಂದರು ಮಕ್ಕಳು. ಇಷ್ಟೇ. ಆದರೆ ಕಾಸರಗೋಡು ಎಂದು ಬರೆಯಲು ಎಷ್ಟು ಚೌಕ ಬೇಕು?

ಒಬ್ಬ ಐದು ಅಂದ. ಕಾ, ಸ, ರ, ಗೋ, ಡು. ಬಾಯಲ್ಲಿ ಹೇಳಿದರೆ ಐದೇ. ಕೀಬೋರ್ಡಿನಲ್ಲಿ ಟೈಪು ಮಾಡುವ ಹುಡುಗಿ ಎಂಟು ಅಂದಳು. ಕಕಾರ, ದೀರ್ಘ, ಸಕಾರ, ರಕಾರ, ಗಕಾರ, ಓಕಾರದ ಗುರುತು, ಡಕಾರ, ಕೊಂಬು. ಅವಳದೂ ಸರಿ, ಜಾವಾಸ್ಕ್ರಿಪ್ಟನ್ನು ಕೇಳಿದರೆ ಅದೂ ಉದ್ದ ಎಂಟು ಎನ್ನುತ್ತದೆ. ಅದರ ಪದಗಳು ಯುಟಿಎಫ್-16 ಎಂಬ ಕ್ರಮದಲ್ಲಿರುತ್ತವೆ, ಕನ್ನಡದ ಒಂದೊಂದು ಗುರುತೂ ಅದಕ್ಕೆ ಒಂದೊಂದು ಘಟಕ. ಆದರೆ ನಮ್ಮ ಸಿ ಪ್ರೋಗ್ರಾಮ್ ಓದುವುದು ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ಹಾಗಾಗಿ ಪುಸ್ತಕದಲ್ಲಿ ಬೇಕಾದದ್ದು 24 ಚೌಕ. ಐದು, ಎಂಟು, ಇಪ್ಪತ್ತನಾಲ್ಕು, ಮೂರೂ ಸರಿಯುತ್ತರವೇ. ಯಾರು ಎಲ್ಲಿ ನಿಂತು ಎಣಿಸುತ್ತಾರೆ ಎಂಬುದರ ಮೇಲೆ ಹೋಗುತ್ತದೆ.

ಈಗ ಅದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಒಂಬತ್ತು ಅಕ್ಷರ, ಒಂಬತ್ತು ಘಟಕ, ಒಂಬತ್ತು ಬೈಟ್. ಯಾವ ಕಡೆಯಿಂದ ಎಣಿಸಿದರೂ ಒಂಬತ್ತೇ. ನಮ್ಮ ಮಟ್ಟಿಗೆ ಇಡೀ ವಿಷಯದ ಸಾರ ಇದರಲ್ಲಿದೆ. ಇಂಗ್ಲಿಷ್ ಪದ ಹಾಕಿ ಪರೀಕ್ಷಿಸುವವರಿಗೆ ಉದ್ದವೂ ಬೈಟೂ ಬೇರೆ ಬೇರೆ ಎಂಬುದು ಕಣ್ಣಿಗೇ ಬೀಳುವುದಿಲ್ಲ. ಅವರ ಪ್ರೋಗ್ರಾಮ್ ಸರಿಯಾಗಿಯೇ ಓಡುತ್ತದೆ, ಸರಿ ಇದೆ ಎಂಬ ಸೀಲೂ ಬೀಳುತ್ತದೆ. ಒಡೆಯುವುದು ಆಮೇಲೆ, ಇನ್ಯಾರದೋ ಹೆಸರು ಬಂದಾಗ.

ಇದನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಒಬ್ಬ ಹುಡುಗನ ಹೆಸರು ಒಂದು ಅರ್ಜಿಯ ಮುದ್ರಿತ ಪ್ರತಿಯಲ್ಲಿ ಅರ್ಧಕ್ಕೇ ನಿಂತು, ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಯೊಂದು ಕೂತಿತ್ತು. ಯಾವ ಕಚೇರಿ, ಯಾವ ಅರ್ಜಿ ಎಂಬುದೆಲ್ಲ ಇಲ್ಲಿ ಬೇಡ. ಮನೆ ಹೆಸರು, ಅಜ್ಜನ ಹೆಸರು, ತನ್ನ ಹೆಸರು ಸೇರಿ ಸ್ವಲ್ಪ ಉದ್ದದ ಹೆಸರು ಅವನದು. ಅವನ ಅಮ್ಮ ಆ ಕಾಗದ ಹಿಡಿದುಕೊಂಡು ಬಂದು, "ಇದು ಎಂತ ಟೀಚರ್, ಇವನ ಹೆಸರಿನಲ್ಲಿ ಪ್ರಶ್ನೆ ಉಂಟಲ್ಲ?" ಎಂದು ಕೇಳಿದರು. ಅಲ್ಲಿ ಹೋಗಿ ವಿಚಾರಿಸಿದಾಗ ಬಂದ ಸಲಹೆ, ಇಂಗ್ಲಿಷಿನಲ್ಲಿ ಬರೆದುಬಿಡಿ, ತೊಂದರೆ ಇರುವುದಿಲ್ಲ. ನಮ್ಮ ಮಕ್ಕಳ ಹೆಸರುಗಳಿಗೆ ಇದು ಹೊಸದಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬರುವ ಹೊತ್ತಿಗೆ ಹೆಸರಿನ ಹ್ರಸ್ವ ದೀರ್ಘ, ನಕಾರ ಣಕಾರ ಏನೇನೋ ಆಗಿರುತ್ತವೆ. ಶಾಲೆ ಬಿಡುವ ಹೊತ್ತಿಗೆ ಒಂದೇ ಮಗುವಿಗೆ ಮೂರು ದಾಖಲೆಗಳಲ್ಲಿ ಮೂರು ಹೆಸರು. ಅದನ್ನು ಸರಿಮಾಡಿಸಲು ಅಪ್ಪ ಅಮ್ಮ ಎಷ್ಟು ಬಸ್ ಹತ್ತಿ ಇಳಿಯಬೇಕು ಎಂಬುದು ಗಡಿಯ ಈಚೆಗಿನವರಿಗೆಲ್ಲ ಗೊತ್ತು.

ಇಂಥ ವಜ್ರ ಹುಟ್ಟುವ ಒಂದು ಬಗೆಯನ್ನು ನಾವು ಮೇಜಿನ ಮೇಲೆಯೇ ಮಾಡಿ ತೋರಿಸಿದೆವು. ಹೆಸರಿಗೆ 32 ಚೌಕ ಸಾಕು ಎಂದು ಯಾರೋ ತೀರ್ಮಾನಿಸಿದ್ದಾರೆ ಅಂದುಕೊಳ್ಳಿ. ಸಿ ಭಾಷೆಯ ರೂಢಿಯಂತೆ ಪದ ಮುಗಿಯಿತು ಎಂದು ತಿಳಿಸುವ ಸೊನ್ನೆಗೆ ಒಂದು ಚೌಕ ಹೋಯಿತು. ಉಳಿದದ್ದು 31. ಇಂಗ್ಲಿಷಿನಲ್ಲಿ ಅದು 31 ಅಕ್ಷರ, ಧಾರಾಳ. "ಮಂಜೇಶ್ವರದವರು" ಎಂಬ ಪದವನ್ನು ಅದರಲ್ಲಿ ಬರೆಯಿರಿ ನೋಡೋಣ. ಹನ್ನೆರಡು ಗುರುತು, 36 ಬೈಟ್. ಹತ್ತು ಗುರುತುಗಳಿಗೆ 30 ಚೌಕ ಮುಗಿಯುತ್ತದೆ. ಉಳಿದ ಒಂದು ಚೌಕದಲ್ಲಿ ರಕಾರದ ಮೂರು ಬೈಟಿನಲ್ಲಿ ಮೊದಲನೆಯದು ಮಾತ್ರ ಕೂರುತ್ತದೆ. ಓದುವವನಿಗೆ "ಮಂಜೇಶ್ವರದವ" ಸಿಕ್ಕಿತು, ಮುಂದೆ ಅರ್ಥವಾಗದ ತುಂಡು ಬೈಟ್. ಅದರ ಜಾಗದಲ್ಲಿ ಅವನು ಹಾಕುವ ಗುರುತೇ ಆ ಕಪ್ಪು ವಜ್ರ. ಬಹುವಚನವೂ ಹೋಗಿ ಮಂಜೇಶ್ವರದವ ಆದದ್ದು ನೋಡಿ ಮಕ್ಕಳಿಗೆ ನಗು. ಆ ಹುಡುಗ ಮಾತ್ರ ನಗಲಿಲ್ಲ. "ಅಂದ್ರೆ ನನ್ನ ಹೆಸರಲ್ಲಿ ತಪ್ಪಿರ್ಲಿಲ್ಲ ಅಲ್ವ ಟೀಚರ್" ಅಂದ. ಇಲ್ಲಪ್ಪ, ನಿನ್ನ ಹೆಸರಿನಲ್ಲಿ ಏನೂ ತಪ್ಪಿರಲಿಲ್ಲ.

ಹಾಗಾಗಿ ನಮ್ಮ ಪದಸಂಗ್ರಹದಲ್ಲಿ ಪದ ದಾಟಿಸುವ ಕೆಲಸವನ್ನು ಮಕ್ಕಳೇ ಹಂತ ಹಂತವಾಗಿ ಬರೆದರು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇರುವುದು ಹೀಗೆ:

1. ಮೊದಲು ಪದವನ್ನು ಒಂದೇ ರೂಪಕ್ಕೆ ತರುವುದು. ಗೋ ಎಂಬಲ್ಲಿಯ ಓಕಾರವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಮೂರು ಗುರುತುಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬಿಡಿಸಿ ಬರೆದರೆ ಕಾಸರಗೋಡು ಹತ್ತು ಗುರುತು, 30 ಬೈಟ್ ಆಗುತ್ತದೆ, ಜೋಡಣೆಯಲ್ಲೂ ಹುಡುಕಾಟದಲ್ಲೂ ಅದು ಬೇರೆಯೇ ಪದ. ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಎಂಬ ಫಂಕ್ಷನ್ ಇವನ್ನು ಒಂದೇ ರೂಪಕ್ಕೆ ತರುತ್ತದೆ.

2. ಮಾಡ್ಯೂಲಿನ ಹತ್ತಿರ ಜಾಗ ಕೇಳುವುದು. ಪುಸ್ತಕ ಇಬ್ಬರದೂ ಹೌದು, ಆದರೆ ಯಾವ ಚೌಕ ಖಾಲಿ ಎಂಬ ಲೆಕ್ಕ ಇಟ್ಟವನು ಸಿ. ಅವನನ್ನು ಕೇಳದೆ ಬರೆದರೆ ಅವನ ಲೆಕ್ಕದ ಮೇಲೆಯೇ ಬರೆದ ಹಾಗಾಗುತ್ತದೆ. ಎಷ್ಟು ಕೇಳಬೇಕು? ಜಾವಾಸ್ಕ್ರಿಪ್ಟ್ ಹೇಳುವ ಉದ್ದದ ಮೂರು ಪಟ್ಟು. ಅದಕ್ಕಿಂತ ಹೆಚ್ಚು ಯಾವ ಪದಕ್ಕೂ ಬೇಕಾಗುವುದಿಲ್ಲ.

3. ಟೆಕ್ಸ್ಟ್‌ಎನ್‌ಕೋಡರ್ ಮೂಲಕ ಆ ಜಾಗಕ್ಕೆ ಬರೆಯುವುದು. ಎನ್‌ಕೋಡ್‌ಇಂಟು ಎಂಬ ಅದರ ಫಂಕ್ಷನ್ ಬರೆದು ಮುಗಿಸಿ ಎರಡು ಸಂಖ್ಯೆ ಕೊಡುತ್ತದೆ, ಎಷ್ಟು ಘಟಕ ಓದಿತು, ಎಷ್ಟು ಬೈಟ್ ಬರೆಯಿತು. ಜಾಗ ಸಾಲದಿದ್ದರೂ ಅದು ಒಂದು ಗುರುತನ್ನು ನಡುವೆ ಕತ್ತರಿಸುವುದಿಲ್ಲ, ಹಿಂದಿನ ಗುರುತಿಗೇ ನಿಲ್ಲುತ್ತದೆ. ಓದಿದ್ದು ಪದದ ಉದ್ದಕ್ಕಿಂತ ಕಡಿಮೆ ಇದ್ದರೆ ಪದ ಪೂರ್ತಿ ಹೋಗಿಲ್ಲ ಎಂದು ಅಲ್ಲಿಯೇ ಗೊತ್ತಾಗುತ್ತದೆ.

4. ಎಲ್ಲಿಂದ, ಎಷ್ಟು ಎಂಬ ಎರಡು ಅಂಕಿ ಕೊಟ್ಟು ಮಾಡ್ಯೂಲಿನ ಫಂಕ್ಷನನ್ನು ಕರೆಯುವುದು. ಕೊಡಬೇಕಾದದ್ದು ಬರೆದ ಬೈಟುಗಳ ಸಂಖ್ಯೆ, ಪದದ ಉದ್ದ ಅಲ್ಲ.

5. ಉತ್ತರ ಓದಿಕೊಳ್ಳುವುದು.

6. ಕೇಳಿ ಪಡೆದ ಜಾಗವನ್ನು ಹಿಂದೆ ಕೊಡುವುದು. ಜಾವಾಸ್ಕ್ರಿಪ್ಟಿನ ಒಳಗೆ ಬೇಡದ್ದನ್ನು ಗುಡಿಸುವ ಕೆಲಸ ತಾನಾಗಿ ಆಗುತ್ತದೆ, ಈ ಪುಸ್ತಕದಲ್ಲಿ ಯಾರೂ ಗುಡಿಸುವವರಿಲ್ಲ. ಪುಸ್ತಕಕ್ಕೆ ಹೊಸ ಪುಟ ಸೇರಿಸಬಹುದು, ಸೇರಿಸಿದ್ದನ್ನು ಕಿತ್ತು ಸಣ್ಣದು ಮಾಡಲು ಆಗುವುದಿಲ್ಲ.

ಇದು ಒಂದು ಪದದ ಮಾತು. ನಮ್ಮಲ್ಲಿ ಇರುವುದು ದಾಖಲೆ. ಪದ ಎಲ್ಲಿದೆ, ಎಷ್ಟು ಬೈಟ್, ಅರ್ಥ ಎಲ್ಲಿದೆ, ಎಷ್ಟು ಬೈಟ್, ಈ ನಾಲ್ಕಕ್ಕೆ ನಾಲ್ಕು ನಾಲ್ಕು ಚೌಕ. ಊರಿನ ನಂಬರಿಗೆ ಎರಡು ಚೌಕ. ಕೂಡಿಸಿದರೆ 18. ಆದರೆ ಸಿ ಪ್ರೋಗ್ರಾಮನ್ನು ಕೇಳಿದರೆ ಅದು ಒಂದು ದಾಖಲೆಗೆ 20 ಎನ್ನುತ್ತದೆ. ಯಾಕೆಂದು ಮಕ್ಕಳು ತಲೆ ಕೆಡಿಸಿಕೊಂಡರು. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ಚೌಕದಲ್ಲೇ ಶುರುವಾಗಬೇಕು ಎಂಬುದು ಸಿಯ ಕಟ್ಟುಪಾಡು. ಮುಂದಿನ ದಾಖಲೆ 18ರಲ್ಲಿ ಶುರುವಾದರೆ ಆ ಕಟ್ಟುಪಾಡು ಮುರಿಯುತ್ತದೆ. ಅದಕ್ಕೆ ಕೊನೆಯಲ್ಲಿ ಎರಡು ಚೌಕ ಖಾಲಿ ಬಿಟ್ಟು 20ಕ್ಕೆ ಹೋಗುತ್ತದೆ. ಇನ್ನೂ ತಮಾಷೆ ಅಂದರೆ, ಇದೇ ಪ್ರೋಗ್ರಾಮ್ ಕಂಪ್ಯೂಟರ್ ಕೋಣೆಯ 64 ಬಿಟ್ಟಿನ ಯಂತ್ರದಲ್ಲಿ ಓಡುವಾಗ ಒಂದು ದಾಖಲೆ 32 ಬೈಟ್. ಅಲ್ಲಿ "ಎಲ್ಲಿದೆ" ಎಂಬ ವಿಳಾಸಕ್ಕೇ ಎಂಟು ಬೈಟ್. ನಾವು ಬಳಸುವ ವೆಬ್‌ಅಸೆಂಬ್ಲಿಯಲ್ಲಿ ವಿಳಾಸಕ್ಕೆ ನಾಲ್ಕು. ಒಂದೇ ಪ್ರೋಗ್ರಾಮ್, ಒಂದೇ ದಾಖಲೆ, ಎರಡು ಅಳತೆ.

ಊರಿನ ನಂಬರಿನಲ್ಲಿ ಇನ್ನೊಂದು ಸಂಗತಿ ಇದೆ. ಎಣ್ಮಕಜೆಗೆ ನಾವು ಕೊಟ್ಟ ನಂಬರ್ 1. ಎರಡು ಚೌಕದಲ್ಲಿ ಅದನ್ನು ಬರೆಯುವಾಗ ವೆಬ್‌ಅಸೆಂಬ್ಲಿ ಚಿಕ್ಕ ಸ್ಥಾನವನ್ನು ಮೊದಲು ಬರೆಯುತ್ತದೆ, 1 ಆಮೇಲೆ 0. ಎಲ್ಲ ಯಂತ್ರಗಳಲ್ಲೂ ಹಾಗೆಯೇ ಎಂದು ಅದರ ನಿಯಮದಲ್ಲೇ ಇದೆ. ಆದರೆ ಜಾವಾಸ್ಕ್ರಿಪ್ಟಿನ ಡೇಟಾವ್ಯೂ ಎಂಬ ಸೌಲಭ್ಯ, ನಾವು ಬೇರೆ ಹೇಳದಿದ್ದರೆ, ದೊಡ್ಡ ಸ್ಥಾನ ಮೊದಲು ಎಂದುಕೊಂಡು ಓದುತ್ತದೆ. ಆಗ ಎಣ್ಮಕಜೆ 256ನೆಯ ಊರು! ನಮ್ಮ ಪಟ್ಟಿಯಲ್ಲಿ ಇರುವುದೇ 38 ಊರು. ಚಿಕ್ಕ ಸ್ಥಾನ ಮೊದಲು ಎಂದು ಪ್ರತಿ ಸಲವೂ ಹೇಳಿ ಓದಿಸಬೇಕು. ಗಮನಿಸಿ, ಇಲ್ಲಿ ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. 256 ಕೂಡ ಒಂದು ಒಳ್ಳೆಯ ಸಂಖ್ಯೆಯೇ. ದಾಟಿದ್ದು ಅಂಕಿ ಮಾತ್ರ. ಅದರ ಅರ್ಥ ಇಬ್ಬರೂ ಮೊದಲೇ ಒಪ್ಪಿ ಬರೆದಿಟ್ಟುಕೊಂಡದ್ದು.

ಇನ್ನು ಎಷ್ಟು ಸಲ ದಾಟಬೇಕು ಎಂಬ ಪ್ರಶ್ನೆ. 4,200 ಪದಗಳನ್ನು ಒಂದೊಂದಾಗಿ ಜಾಗ ಕೇಳಿ, ಬರೆದು, ಕರೆದು, ಹಿಂದೆ ಕೊಟ್ಟು ಮಾಡಬಹುದು. ಒಂದೊಂದೇ ಅಡಿಕೆ ಕೈಯಲ್ಲಿ ಹಿಡಿದು ಪೇಟೆಗೆ ಹೋಗಿ ಬಂದ ಹಾಗೆ. ಗೋಣಿ ಕಟ್ಟಿ ಜೀಪಿಗೆ ಹಾಕುವುದು ವಾಸಿ. ಅದಕ್ಕೆ ಎರಡು ದಾರಿ ಕಂಡಿತು. ಒಂದು, ಇಡೀ ಪಟ್ಟಿಯನ್ನು ಜೇಸನ್ ರೂಪದ ಒಂದೇ ಉದ್ದದ ಪಠ್ಯವಾಗಿ ಕಳಿಸಿ ಆಚೆ ಬಿಡಿಸಿಕೊಳ್ಳುವುದು. ಅಳತೆ, ಖಾಲಿ ಚೌಕ, ಸ್ಥಾನ ಯಾವುದರ ರಗಳೆಯೂ ಇಲ್ಲ, ಕಣ್ಣಿನಿಂದ ಓದಿಯೂ ನೋಡಬಹುದು. ಆದರೆ ಅದನ್ನು ಬಿಡಿಸುವ ಇನ್ನೊಂದು ಪ್ರೋಗ್ರಾಮ್ ಸಿಯ ಕಡೆ ಬೇಕು, ಬಿಡಿಸುವ ಹೊತ್ತೂ ಬೇಕು. ಎರಡು, ಪದಗಳನ್ನೆಲ್ಲ ಒಂದರ ಹಿಂದೆ ಒಂದು ಬರೆದು, ಪಕ್ಕದಲ್ಲಿ 20 ಚೌಕದ ದಾಖಲೆಗಳ ಪಟ್ಟಿ ಇಟ್ಟು ಒಂದೇ ಸಲ ಕರೆಯುವುದು. ಪಟ್ಟಿಗೆ 84,000 ಬೈಟ್, ಅಂದರೆ ಎರಡು ಪುಟದೊಳಗೆ ಮುಗಿಯಿತು. ನಾವು ಎರಡನೆಯದನ್ನು ಆರಿಸಿದೆವು. ದಾಖಲೆಯಲ್ಲಿ ಹತ್ತಾರು ಬಗೆಯ ವಿಷಯಗಳಿದ್ದು ದಿನಾ ಬದಲಾಗುವಂಥದ್ದಾದರೆ ಮೊದಲನೆಯದೇ ಒಳ್ಳೆಯದು.

ಉತ್ತರ ತರಿಸುವಾಗ ಹತ್ತನೆಯ ತರಗತಿಯ ಒಬ್ಬಳು ಹೇಳಿದ ಉಪಾಯ ನಮಗೆ ಬಹಳ ಹಿಡಿಸಿತು. ಜೋಡಿಸಿದ ಪದಗಳನ್ನು ಮತ್ತೆ ಈಚೆಗೆ ಯಾಕೆ ತರಬೇಕು? ಪದಗಳು ನಮ್ಮ ಹತ್ತಿರ ಇವೆಯಲ್ಲ! ಮೊದಲು ಎಷ್ಟನೆಯದು, ಆಮೇಲೆ ಎಷ್ಟನೆಯದು ಎಂಬ ಕ್ರಮ ಮಾತ್ರ ಬಂದರೆ ಸಾಕು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸುವಾಗ ನಾವು ರೋಲ್ ನಂಬರ್ ಬರೆದುಕೊಳ್ಳುತ್ತೇವಲ್ಲ, ಹಾಗೆ. ಪದ ಒಂದಕ್ಕೆ ನಾಲ್ಕು ಬೈಟಿನಂತೆ 16,800 ಬೈಟ್ ಬಂದರೆ ಕೆಲಸ ಮುಗಿಯಿತು. ಮಗು ಬರೆದ ಪದ ಈಚೆಯೇ, ಬರೆದ ರೂಪದಲ್ಲೇ ಇರುತ್ತದೆ. ಆಚೆ ಹೋದದ್ದು ಪ್ರತಿ ಮಾತ್ರ. ಪ್ರತಿಗೆ ಏನಾದರೂ ಆದರೆ ಕ್ರಮ ತಪ್ಪೀತು, ಪದ ಕೆಡುವುದಿಲ್ಲ.

ಒಂದು ಸೂಕ್ಷ್ಮ ಬಿಟ್ಟುಹೋಗಬಾರದು. ಆಟದ ನಡುವೆ ನಾವು ಲೆಕ್ಕದ ಪುಸ್ತಕವನ್ನು ತೆಗೆದು, ಅದರಲ್ಲಿದ್ದದ್ದನ್ನೆಲ್ಲ ಹಾಗೇ ಬರೆದಿದ್ದ ದೊಡ್ಡ ಪುಸ್ತಕ ಇಟ್ಟೆವು. ಜಾವಾಸ್ಕ್ರಿಪ್ಟ್ ಆಗಿದ್ದವಳ ಕೈಯಲ್ಲಿ ಹಳೆಯ ಪುಸ್ತಕವೇ ಇತ್ತು. ಮೆಮೊರಿ ಬೆಳೆದಾಗ ಆಗುವುದು ಇದೇ. ಜಾಗ ಸಾಲದೆ ಮಾಡ್ಯೂಲ್ ಹೊಸ ಪುಟ ಸೇರಿಸಿಕೊಂಡರೆ, ಜಾವಾಸ್ಕ್ರಿಪ್ಟ್ ಮೊದಲೇ ಹಿಡಿದಿಟ್ಟುಕೊಂಡ ನೋಟ ಕಳಚಿಹೋಗಿ ಅದರ ಉದ್ದ ಸೊನ್ನೆ ಆಗುತ್ತದೆ. ಹಾಗಾಗಿ ಮಾಡ್ಯೂಲನ್ನು ಕರೆದ ಮೇಲೆ ಪ್ರತಿ ಸಲವೂ ಪುಸ್ತಕವನ್ನು ಹೊಸದಾಗಿ ಕೇಳಿ ಪಡೆಯುವುದು ಗೋಡೆಯ ಹಾಳೆಯಲ್ಲಿ ಏಳನೆಯ ಅಂಶವಾಗಿ ಸೇರಿತು.

ಇಷ್ಟೆಲ್ಲ ಕೈಯಾರೆ ಮಾಡಬೇಕೇ ಎಂದರೆ, ಬೇಕಿಲ್ಲ. ಎಮ್‌ಸ್ಕ್ರಿಪ್ಟನ್ನಿನಲ್ಲಿ ಎಂಬೈಂಡ್ ಇದೆ, ರಸ್ಟ್ ಭಾಷೆಯವರಿಗೆ ವಾಸ್ಮ್-ಬೈಂಡ್‌ಜೆನ್ ಇದೆ. ದಾಟಿಸುವ ಕೆಲಸವನ್ನು ಅವೇ ಬರೆದುಕೊಡುತ್ತವೆ. ಪದ, ಪಟ್ಟಿ, ದಾಖಲೆ ಎಂಬ ಒಪ್ಪಂದವನ್ನು ಎರಡೂ ಕಡೆಯವರು ಓದುವಂತೆ ಬೇರೆಯೇ ಕಡತದಲ್ಲಿ ಬರೆದಿಡುವ ಕಾಂಪೊನೆಂಟ್ ಮಾಡೆಲ್ ಎಂಬ ಏರ್ಪಾಡೂ ಬೆಳೆಯುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಪೂರ್ತಿಯಾದ ವೆಬ್‌ಅಸೆಂಬ್ಲಿ 3.0ರಲ್ಲಿ ತಾನಾಗಿ ಗುಡಿಸಿಕೊಳ್ಳುವ ಬಗೆಯ ದಾಖಲೆಗಳೂ, ಜಾವಾಸ್ಕ್ರಿಪ್ಟಿನ ಪದಗಳನ್ನು ಮಾಡ್ಯೂಲಿನೊಳಗಿಂದಲೇ ಮುಟ್ಟುವ ಅನುಕೂಲವೂ ಸೇರಿವೆ. ನಮ್ಮ ಸಿ ಪ್ರೋಗ್ರಾಮಿಗೆ ಈಗಲೂ ಆ ಲೆಕ್ಕದ ಪುಸ್ತಕವೇ ಗತಿ. ಮೇಲೆ ಹೇಳಿದ ಉಪಕರಣಗಳು ಸಿ ಪ್ರೋಗ್ರಾಮಿಗಾಗಿ ಒಳಗೆ ಮಾಡುವುದೂ ಇದನ್ನೇ. ಒಮ್ಮೆ ಕೈಯಿಂದ ಮಾಡಿದ ಮಕ್ಕಳಿಗೆ ನಾಳೆ ಉಪಕರಣ ಬಳಸುವಾಗ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ.

ಈಗ ಪದಸಂಗ್ರಹ ಮೊಬೈಲಿನಲ್ಲಿ ತೆರೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದ ಕಡೆಯೂ ಓಡುತ್ತದೆ. ಬಸಳೆ ಬಳ್ಳಿಗಿಂತ ಮೊದಲು ಬರುತ್ತದೆ, ಬೇಕಾದರೆ ನೋಡಿಕೊಳ್ಳಿ.

ಇದನ್ನು ಓದುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ, ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹಳೆಯ ಮಕ್ಕಳಿಗೆ ಒಂದು ಮಾತು. ನೀವು ಬರೆಯುವ ಪ್ರೋಗ್ರಾಮಿನಲ್ಲಿ ಯಾವುದೇ ಎರಡು ಭಾಗಗಳ ನಡುವೆ ಪದ ದಾಟುವುದಿದ್ದರೆ, ಪರೀಕ್ಷೆಗೆ ಹಾಕುವ ಮೊದಲ ಪದ ಕನ್ನಡದ್ದಾಗಿರಲಿ. ನಮ್ಮ ಪರೀಕ್ಷೆಯ ಕಡತವನ್ನು ಮಕ್ಕಳು ಮಾಡಿದ್ದು ಹೀಗೆ. ಮೊದಲ ಸಾಲು ಕಾಸರಗೋಡು, ಓಕಾರ ಕೂಡಿಸಿ ಬರೆದದ್ದು. ಎರಡನೆಯದು ಅದೇ ಪದ, ಓಕಾರ ಬಿಡಿಸಿ ಬರೆದದ್ದು. ಮೂರನೆಯದು ಮಂಜೇಶ್ವರದವರು. ನಾಲ್ಕನೆಯದು ಒತ್ತಕ್ಷರ ಕೂಡದಂತೆ ನಡುವೆ ಕಾಣದ ಗುರುತು ಹಾಕಿದ ಪದ. ಕಾಣದಿದ್ದರೂ ಅದಕ್ಕೂ ಮೂರು ಬೈಟ್ ಬೇಕು. ಐದನೆಯದು ಖಾಲಿ ಸಾಲು. ಆರನೆಯ ಸಾಲಿನಲ್ಲಿ ಆ ಹುಡುಗ ತನ್ನ ಪೂರ್ತಿ ಹೆಸರನ್ನು ತಾನೇ ಟೈಪು ಮಾಡಿ ಹಾಕಿದ್ದಾನೆ. ಪ್ರೋಗ್ರಾಮಿನಲ್ಲಿ ಏನೇ ಬದಲಾಯಿಸಿದರೂ ಆ ಹೆಸರು ಆಚೆ ಹೋಗಿ ಒಂದು ಗುರುತೂ ಬಿಡದೆ ಈಚೆ ಬಂದರೆ ಮಾತ್ರ ಮುಂದಿನ ಕೆಲಸ.